ತಂತಿಯಿಂದ ಛತ್ರಿಗೆ: ಒಂದು ಮನೆಖರ್ಚಿನ ಚರಿತ್ರೆ

ಚರಿತ್ರೆ ಬರೆಯುವವರಿಗೆ ಶಾಸನಗಳು, ತಾಮ್ರಪಟಗಳು, ಬಾದಶಹರ ಫರ್ಮಾನುಗಳು ಆಧಾರ. ನಮ್ಮ ಮನೆಯ ಚರಿತ್ರೆಗೆ ಇರುವ ಆಧಾರ ಅಮ್ಮಿಯ ಲೆಕ್ಕದ ಪುಸ್ತಕಗಳು. ರಾಯಚೂರು ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ, ಶಾಲಾ ಮಾಸ್ತರರ ಒಂದೇ ಸಂಬಳದಲ್ಲಿ ಆರು ಜನರ ಸಂಸಾರ ತೂಗಿಸಿದ ಅಮ್ಮಿ ಪ್ರತಿ ತಿಂಗಳ ಖರ್ಚನ್ನು ಉರ್ದುವಿನಲ್ಲಿ, ಬಲದಿಂದ ಎಡಕ್ಕೆ ಬರೆದಿಡುತ್ತಿದ್ದರು. ಜೋಳ, ಎಣ್ಣೆ, ಸೀಮೆಎಣ್ಣೆ, ಹಾಲು, ಮಕ್ಕಳ ಫೀಸು. 1994ರ ಪುಸ್ತಕದಲ್ಲಿ ಮೊದಲ ಸಲ ಒಂದು ಹೊಸ ಶಬ್ದ ಕಾಣಿಸಿಕೊಳ್ಳುತ್ತದೆ: ಕೇಬಲ್, ಅರವತ್ತು ರೂಪಾಯಿ. 2008ರಲ್ಲಿ ಆ ಶಬ್ದ ಹೋಗಿ ಅದರ ಜಾಗದಲ್ಲಿ ‘ಛತ್ರಿ’ ಬರುತ್ತದೆ. ನಮ್ಮ ಕಡೆ ಡಿಶ್ ಆಂಟೆನಾಕ್ಕೆ ಛತ್ರಿ ಎಂದೇ ಹೆಸರು. 2021ರ ಪುಸ್ತಕದಲ್ಲಿ ಎರಡೂ ಇಲ್ಲ. ಈ ಮೂರು ಬದಲಾವಣೆಗಳ ಹಿಂದೆ ದೇಶದ ಚರಿತ್ರೆಯೂ ಇದೆ, ಒಂದು ಮನೆಯ ಕಷ್ಟಸುಖವೂ ಇದೆ.

ಮೊದಲು ಕೇಬಲ್ ಬಂತು, ಆಮೇಲೆ ಉಪಗ್ರಹ ಬಂತು ಎಂದೇ ಬಹಳ ಜನ ತಿಳಿದಿದ್ದಾರೆ. ನಮ್ಮ ಸೀಮೆಯಲ್ಲಿ ನಡೆದದ್ದು ತಿರುಗುಮುರುಗಾಗಿ. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಹೆಸರಿನ ಪ್ರಯೋಗವೊಂದು ಆರಂಭವಾಯಿತು. ವಿಕ್ರಮ್ ಸಾರಾಭಾಯಿಯವರು ಕಂಡ ಕನಸು ಅದು. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಗಿತ್ತು. ಅದು ಕಾರ್ಯರೂಪಕ್ಕೆ ಬರುವ ಹೊತ್ತಿಗೆ ಅವರು ಬದುಕಿರಲಿಲ್ಲ. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಕಾರ್ಯಕ್ರಮ ಕಳಿಸಲಾಯಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಅಂದಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿನವರು ಇನ್ನೂ ಟಿ.ವಿ. ಕಾಣದಿದ್ದಾಗ ನಮ್ಮ ಬಿಸಿಲು ನಾಡಿನ ರೈತರು ಕನ್ನಡದಲ್ಲಿ ಟಿ.ವಿ. ನೋಡಿದ್ದರು.

ಅಬ್ಬಾ ಆಗ ಹೊಸದಾಗಿ ನೌಕರಿಗೆ ಸೇರಿದ್ದರು. ಅವರ ಶಾಲೆಯ ಅಂಗಳದಲ್ಲಿ ಕೋಳಿಗೂಡಿಗೆ ಬಳಸುವಂಥ ತಂತಿಜಾಲರಿಯಿಂದ ಮಾಡಿದ, ಹತ್ತು ಅಡಿ ಅಗಲದ ಛತ್ರಿ ನಿಂತಿತ್ತಂತೆ. ಬೆಳಿಗ್ಗೆ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ನಡುವೆ ಒಂದಿಷ್ಟು ಹಾಡು, ನಾಟಕ. ಟಿ.ವಿ. ಪೆಟ್ಟಿಗೆಯ ಬೀಗದ ಕೈ ಅಬ್ಬಾನ ಹತ್ತಿರ ಇತ್ತು. ಗೌಡರೂ ಕೂಲಿಯವರೂ ಒಂದೇ ಅಂಗಳದಲ್ಲಿ ಕೂತರು. ಕೂರುವ ಜಾಗ ಮಾತ್ರ ಬೇರೆ ಬೇರೆ ಇತ್ತು ಎನ್ನುವುದನ್ನೂ ಅಬ್ಬಾ ಹೇಳಲು ಮರೆಯುತ್ತಿರಲಿಲ್ಲ. ಯಾರೂ ಒಂದು ಪೈಸೆ ಕೊಡಬೇಕಾಗಿರಲಿಲ್ಲ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಎರವಲು ಉಪಗ್ರಹವನ್ನು ಅಮೆರಿಕದ ಕಡೆಗೆ ಸರಿಸಿಕೊಂಡರು. ಕೆಲವು ದಿನ ಜನ ಸಂಜೆ ಅಭ್ಯಾಸಬಲದಿಂದ ಬಂದು, ಖಾಲಿ ಪೆಟ್ಟಿಗೆಯ ಮುಂದೆ ಕೂತು ಮಾತಾಡಿ ಎದ್ದು ಹೋಗುತ್ತಿದ್ದರಂತೆ.

ನಂತರ ದೂರದರ್ಶನದ ಕಾಲ. 1982ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣ ಬಂತು. ಹಾಸನದಲ್ಲಿ ಇನ್ಸಾಟ್ ಉಪಗ್ರಹಗಳ ನಿಯಂತ್ರಣ ಕೇಂದ್ರ ಶುರುವಾಯಿತು. ಮುಂದೆ ಊರೂರಿಗೆ ಮರುಪ್ರಸಾರದ ಕಂಬಗಳು ಎದ್ದವು. ಮಾಳಿಗೆಯ ಮೇಲೆ ಮೀನಿನ ಮುಳ್ಳಿನಂಥ ಆಂಟೆನಾ ನಿಲ್ಲಿಸಿದರೆ ಸಾಕು, ತಿಂಗಳ ಬಾಡಿಗೆ ಎಂಬುದಿರಲಿಲ್ಲ. ಗಾಳಿ ಬೀಸಿದರೆ ಒಬ್ಬರು ಮೇಲೆ ಹತ್ತಿ ತಿರುಗಿಸುವುದು, ಇನ್ನೊಬ್ಬರು ಕೆಳಗಿನಿಂದ “ಬಂತು, ಬಂತು, ಹೋಯ್ತು” ಎಂದು ಕೂಗುವುದು, ಇಷ್ಟೇ ಖರ್ಚು. 1990ರಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿ ಬಂದಾಗ ನಮ್ಮ ಓಣಿಯ ಟಿ.ವಿ. ಇದ್ದ ಏಕೈಕ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಮನೆಯ ದಾದಿ ಅಜಾನ್ ಕೇಳಿದೊಡನೆ ಟಿ.ವಿ. ಬಂದ್ ಮಾಡಿಸಿ, ಮೇಲೊಂದು ಕಸೂತಿ ಬಟ್ಟೆ ಹೊದೆಸುತ್ತಿದ್ದರು. ನಮಾಜು ಮುಗಿಯುವ ತನಕ ಮಕ್ಕಳಾದ ನಾವು ಆ ಬಟ್ಟೆಯನ್ನೇ ನೋಡುತ್ತಾ ಕೂರುತ್ತಿದ್ದೆವು.

1991ರ ಜನವರಿಯ ಕೊಲ್ಲಿ ಯುದ್ಧ ಎಲ್ಲವನ್ನೂ ಬದಲಿಸಿತು. ದೊಡ್ಡ ನಗರಗಳ ಹೋಟೆಲುಗಳಲ್ಲಿ ವಿದೇಶಿ ವಾಹಿನಿಯೊಂದು ಯುದ್ಧವನ್ನು ನೇರವಾಗಿ ತೋರಿಸಿತು. ಅದೇ ವರ್ಷ ಸ್ಟಾರ್ ಟಿ.ವಿ., 1992ರ ಅಕ್ಟೋಬರ್‌ನಲ್ಲಿ ಝೀ ಟಿ.ವಿ., 1994ರಲ್ಲಿ ಕನ್ನಡದ ಉದಯ ಟಿ.ವಿ. ಬಂದವು. ಇವನ್ನು ಹಿಡಿಯಲು ದೊಡ್ಡ ಛತ್ರಿ ಬೇಕು. ಒಂದು ಮನೆಗೆ ಅದು ಭಾರ. ನೂರು ಮನೆಗೆ ಹಂಚಿದರೆ ಹಗುರ. ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ, ರೇಡಿಯೋ ರಿಪೇರಿ ಮಾಡುತ್ತಿದ್ದ ಹುಡುಗರು ಮಾಳಿಗೆಯಿಂದ ಮಾಳಿಗೆಗೆ ತಂತಿ ಎಳೆದರು. 1995ರಲ್ಲಿ ಕೇಬಲ್ ಕಾನೂನು ಬಂದು, ಅವರು ಅಂಚೆ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕೆಂದಾಯಿತು.

ನಮ್ಮ ಓಣಿಗೆ ತಂತಿ ತಂದ ಹುಡುಗ ಹಿಂದೆ ಅಬ್ಬಾನ ವಿದ್ಯಾರ್ಥಿ. ತಿಂಗಳ ಐದನೇ ತಾರೀಕು ರಸೀದಿ ಪುಸ್ತಕ ಹಿಡಿದು “ಅಮ್ಮಾರೇ, ಕೇಬಲ್” ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ರಂಜಾನಿನಲ್ಲಿ ಕೇಳುವ ಮೊದಲೇ ಮಕ್ಕಾದ ತರಾವೀಹ್ ಹಾಕುತ್ತಿದ್ದ. ದಸರೆಗೆ ಮೈಸೂರಿನ ಮೆರವಣಿಗೆ ಹಾಕುತ್ತಿದ್ದ. ಆದರೆ ಅಮ್ಮಿಯ ಪುಸ್ತಕದಲ್ಲಿ ಅರವತ್ತು ರೂಪಾಯಿ ನೂರಾಯಿತು, ನೂರು ನೂರೆಂಬತ್ತಾಯಿತು. ಇದಕ್ಕೆ ಅವನೊಬ್ಬನನ್ನೇ ದೂರುವುದು ನ್ಯಾಯವಲ್ಲ. ಆ ಕಾಲದ ತಂತಿಯಲ್ಲಿ ಎಲ್ಲ ವಾಹಿನಿಗಳೂ ಎಲ್ಲ ಮನೆಗೂ ಒಟ್ಟಿಗೇ ಹರಿಯುತ್ತಿದ್ದವು; ಎಷ್ಟು ಮನೆಗೆ ಹೋಗುತ್ತಿದೆ ಎಂದು ಎಣಿಸುವ ಉಪಾಯವಿರಲಿಲ್ಲ. ಕೇಬಲಿನವರು ಮನೆಗಳ ಲೆಕ್ಕ ಕಡಿಮೆ ತೋರಿಸುತ್ತಿದ್ದರು, ಹಣ ಪಡೆಯುವ ವಾಹಿನಿಗಳು ಆ ಕೊರತೆ ತುಂಬಲು ದರ ಏರಿಸುತ್ತಿದ್ದವು. ಇಬ್ಬರ ಜಗ್ಗಾಟದ ಕೊನೆಯ ಬಿಲ್ಲು ಅಡುಗೆಮನೆಗೆ ಬರುತ್ತಿತ್ತು. ನೋಡುವ ನಾಲ್ಕು ವಾಹಿನಿಗಳಿಗೆ ನೋಡದ ಅರವತ್ತರ ಭಾರವನ್ನೂ ಹೊರಬೇಕಿತ್ತು.

ಮನೆಮನೆಗೆ ನೇರವಾಗಿ ಉಪಗ್ರಹದಿಂದ ಕೊಡುವ ಡಿಟಿಎಚ್ ಇದಕ್ಕೆ ಉತ್ತರವಾಗಬಹುದಿತ್ತು. ಸರಕಾರ 1997ರಲ್ಲಿ ಅದನ್ನು ನಿಷೇಧಿಸಿ, 2000ದ ನವೆಂಬರ್‌ನಲ್ಲಿ ಬಾಗಿಲು ತೆರೆಯಿತು. ಪರವಾನಗಿಗೆ 10 ಕೋಟಿ ರೂಪಾಯಿ ಪ್ರವೇಶ ಶುಲ್ಕ, ಆದಾಯದಲ್ಲಿ ಶೇಕಡಾ 10 ಸರಕಾರಕ್ಕೆ ಎಂಬ ಷರತ್ತುಗಳು 2001ರಲ್ಲಿ ಬಂದವು. 2003ರಲ್ಲಿ ಡಿಶ್ ಟಿ.ವಿ., 2006ರಲ್ಲಿ ಟಾಟಾ ಸ್ಕೈ, ಆಮೇಲೆ ಸನ್ ಡೈರೆಕ್ಟ್, ಬಿಗ್ ಟಿ.ವಿ., ಏರ್‌ಟೆಲ್ ಒಂದರ ಹಿಂದೊಂದು ಬಂದವು. ಈ ಗದ್ದಲದ ನಡುವೆ 2004ರ ಡಿಸೆಂಬರ್ 16ರಂದು ದೂರದರ್ಶನವು 33 ವಾಹಿನಿಗಳೊಂದಿಗೆ ಡಿ.ಡಿ. ಡೈರೆಕ್ಟ್ ಪ್ಲಸ್ ಎಂಬ ಸೇವೆ ಆರಂಭಿಸಿತು. ಛತ್ರಿ, ಡಬ್ಬ ಒಮ್ಮೆ ಕೊಂಡರಾಯಿತು, ತಿಂಗಳ ಹಣವಿಲ್ಲ. ಅದಕ್ಕೆ ಸಿನಿಮಾ ತಾರೆಯರ ಜಾಹೀರಾತು ಇರಲಿಲ್ಲ. ಹೀಗಾಗಿ ನಮ್ಮ ಓಣಿಯಲ್ಲಿ ಅದರ ಸುದ್ದಿಯೇ ಆಗಲಿಲ್ಲ.

2008ರಲ್ಲಿ ನಾವು ತಂತಿ ಬಿಟ್ಟೆವು. ಕಾರಣ ಉಳಿತಾಯ. ಅಮ್ಮಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಹಾಕಿದ ಲೆಕ್ಕ ಇನ್ನೂ ಇದೆ: ಕೇಬಲಿಗೆ ತಿಂಗಳಿಗೆ 180, ಛತ್ರಿಗೆ ವರ್ಷಕ್ಕೆ 1,200, ಅಂದರೆ ತಿಂಗಳಿಗೆ ನೂರು. ಛತ್ರಿ ಮತ್ತು ಡಬ್ಬಕ್ಕೆ ಒಮ್ಮೆಗೆ 1,500. ತಿಂಗಳಿಗೆ 80 ಉಳಿದರೆ 19 ತಿಂಗಳಲ್ಲಿ ಅಸಲು ಬರುತ್ತದೆ. ಜೊತೆಗೆ ಇನ್ನೊಂದು ಆಸೆಯೂ ಇತ್ತು. ನಮ್ಮ ಕೇಬಲಿನಲ್ಲಿ ಉರ್ದು ವಾಹಿನಿ ಬರುತ್ತಿರಲಿಲ್ಲ; ಕೇಳುವ ಮನೆಗಳು ಕಡಿಮೆ ಎಂದು ಹುಡುಗ ಕೈಚೆಲ್ಲಿದ್ದ. ಛತ್ರಿಯಲ್ಲಿ ಕನ್ನಡವೂ ಉರ್ದುವೂ ಒಂದೇ ಡಬ್ಬದಲ್ಲಿ ಸಿಕ್ಕವು. ಮೊದಲ ರಾತ್ರಿ ಅಮ್ಮಿ ಮುಶಾಯಿರಾ ಒಂದನ್ನು ಕೊನೆಯ ತನಕ ಕಣ್ಣು ಮಿಟುಕಿಸದೆ ನೋಡಿದರು.

ಕೇಬಲ್ ಹುಡುಗ ತಂತಿ ಬಿಚ್ಚಲು ತಾನೇ ಬಂದ. ಏನೂ ಹೇಳಲಿಲ್ಲ, ಸುರುಳಿ ಸುತ್ತಿಕೊಂಡು ಹೋದ. ಅಮ್ಮಿ ಆ ದಿನ ಹಳೆಯ ಪುಸ್ತಕ ತೆಗೆದು 2004ರ ಮೂರು ತಿಂಗಳುಗಳನ್ನು ನಮಗೆ ತೋರಿಸಿದರು. ಅಬ್ಬಾ ಆಸ್ಪತ್ರೆಯಲ್ಲಿದ್ದು ತೀರಿಕೊಂಡ ತಿಂಗಳುಗಳವು. ‘ಕೇಬಲ್’ ಎಂದು ಬರೆದ ಮುಂದೆ ಅಂಕಿ ಇರಲಿಲ್ಲ. ಆ ಮೂರು ತಿಂಗಳು ಅವನು ಬಾಗಿಲಿಗೆ ಬಂದಿರಲಿಲ್ಲ, ತಂತಿಯನ್ನೂ ಕತ್ತರಿಸಿರಲಿಲ್ಲ. ನಮ್ಮ ಉಳಿತಾಯದ ಲೆಕ್ಕದಲ್ಲಿ ಈ ಮೂರು ಖಾಲಿ ಜಾಗಗಳನ್ನು ನಾವು ಹಿಡಿದಿರಲಿಲ್ಲ.

ಅಸಲು ಬಂತು, ನಿಜ. ಎರಡು ವರ್ಷ ಲಾಭವೇ ಆಯಿತು. ಆಮೇಲೆ ಛತ್ರಿಯೂ ತಂತಿಯ ದಾರಿ ಹಿಡಿಯಿತು. ಪ್ಯಾಕಿನ ಬೆಲೆ ಏರಿತು. ನಿನ್ನೆ ಪ್ಯಾಕಿನಲ್ಲಿದ್ದ ವಾಹಿನಿ ಇಂದು ಹೊರಗೆ, ಬೇಕಾದರೆ ಬೇರೆ ಹಣ. ಬೇರೆ ಕಂಪನಿಗೆ ಹೋಗೋಣವೆಂದರೆ ಡಬ್ಬ ಕೆಲಸಕ್ಕೆ ಬಾರದು. ಯಾವ ಕಂಪನಿಗಾದರೂ ಹೊಂದುವ ಡಬ್ಬವಿರಬೇಕೆಂದು 2001ರ ನಿಯಮಗಳಲ್ಲೇ ಇದ್ದರೂ ಬಳಕೆಯಲ್ಲಿ ಅದು ನಮ್ಮಂಥವರಿಗೆ ದಕ್ಕಲಿಲ್ಲ. ಕೇಬಲಿನಲ್ಲೂ ಬದಲಾವಣೆಯಾಯಿತು. 2011ರ ತಿದ್ದುಪಡಿಯ ನಂತರ ಕೇಬಲಿಗೂ ಡಬ್ಬ ಕಡ್ಡಾಯವಾಗಿ, 2013ರಲ್ಲಿ ಬೆಂಗಳೂರು, ಮೈಸೂರಿಗೆ ಬಂದದ್ದು 2017ರ ಹೊತ್ತಿಗೆ ನಮ್ಮಂಥ ಊರುಗಳಿಗೂ ತಲುಪಿತು. ಮನೆಗಳ ಲೆಕ್ಕ ಪಕ್ಕಾ ಆಯಿತು, ದರ ಇಳಿಯಲಿಲ್ಲ.

2019ರ ಫೆಬ್ರವರಿಯಿಂದ ಹೊಸ ದರಪಟ್ಟಿ ಜಾರಿಗೆ ಬಂತು. ನಿಮಗೆ ಬೇಕಾದ ವಾಹಿನಿಗಷ್ಟೇ ಹಣ ಕೊಡಿ ಎಂಬುದು ಅದರ ಮಾತು. ಕೇಬಲಾಗಲಿ ಛತ್ರಿಯಾಗಲಿ, ಮೊದಲ 100 ವಾಹಿನಿಗಳಿಗೆ ಗರಿಷ್ಠ 130 ರೂಪಾಯಿ ಸಂಪರ್ಕ ಶುಲ್ಕ. ಅದರ ಮೇಲೆ ಶೇಕಡಾ 18 ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಆಯ್ದ ವಾಹಿನಿಗಳ ಬೆಲೆ ಅದರ ಮೇಲೆ. ಉದ್ದೇಶ ಒಳ್ಳೆಯದೇ. ಆದರೆ ಅಮ್ಮಿ ಆರಿಸಿದ ಎಂಟು ವಾಹಿನಿಗಳನ್ನು ಕೂಡಿಸಿದಾಗ ಬಿಲ್ಲು ಹಿಂದಿನದಕ್ಕಿಂತ ಹೆಚ್ಚಾಗಿ 270 ದಾಟಿತು. ತಂತಿ ಮತ್ತು ಛತ್ರಿಯ ನಡುವೆ ಆಗ ಬೆಲೆಯ ವ್ಯತ್ಯಾಸವೇ ಉಳಿಯಲಿಲ್ಲ. ಬೆಲೆ ನಿರ್ಧಾರವಾಗುವುದು ದಾರಿಯಲ್ಲಲ್ಲ, ವಾಹಿನಿಯ ಮಾಲೀಕರ ಅಂಗಡಿಯಲ್ಲಿ ಎಂಬುದು ನಮಗೆ ಅರ್ಥವಾಗಲು ಹನ್ನೊಂದು ವರ್ಷ ಬೇಕಾಯಿತು.

2020 ಬಂತು. ಶಾಲೆಗಳು ಮುಚ್ಚಿದವು. ತಮ್ಮನ ಮಗಳು ಆಗ ಒಂಬತ್ತನೇ ತರಗತಿ. ಮನೆಯಲ್ಲಿದ್ದ ಒಂದೇ ದೊಡ್ಡ ಫೋನು ಅವಳಪ್ಪನ ಕೆಲಸದ ಜೊತೆ ಹೋಗುತ್ತಿತ್ತು. ಜುಲೈಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳು ಶುರುವಾದವು. ಎರಡು ತಿಂಗಳ ಅರೆಸಂಬಳದಲ್ಲಿ ತಮ್ಮ ರೀಚಾರ್ಜ್ ಮುಂದೂಡಿದ್ದ. ಒಂದು ಬೆಳಿಗ್ಗೆ ಪಾಠದ ಹೊತ್ತಿಗೆ ಪರದೆಯ ಮೇಲೆ ‘ಹಣ ಮುಗಿದಿದೆ’ ಎಂಬ ಸೂಚನೆ. ಎಲ್ಲ ವಾಹಿನಿಗಳೊಡನೆ ಸರಕಾರಿ ವಾಹಿನಿಯೂ ಕತ್ತಲು. ಕಂಪನಿಗೆ ಫೋನು ಮಾಡಿದರೆ ಮುದ್ರಿತ ದನಿ ಒಂದು ಒತ್ತಿ, ಎರಡು ಒತ್ತಿ ಎನ್ನುತ್ತಿತ್ತು. “ಮಾಸ್ತರರು ತೀರಿಕೊಂಡಿದ್ದಾರೆ, ಮುಂದಿನ ತಿಂಗಳು ಕೊಡ್ತೀವಿ” ಎಂದು ಹೇಳಬಹುದಾದ ಬಾಗಿಲು ಅಲ್ಲಿರಲಿಲ್ಲ.

ಹುಡುಗಿ ಪುಸ್ತಕ ಎತ್ತಿಕೊಂಡು ಓಣಿಯ ಕೊನೆಯ ಮನೆಗೆ ನಡೆದಳು. ಗಾರೆ ಕೆಲಸದ ಹನುಮಂತಪ್ಪನ ಎರಡು ಕೋಣೆಯ ಮನೆ. ಅವನ ತಗಡಿನ ಮೇಲೆ ದೂರದರ್ಶನದ ಉಚಿತ ಛತ್ರಿ ಇತ್ತು. 2014ರಿಂದ ಅದರ ಹೆಸರು ಡಿ.ಡಿ. ಫ್ರೀ ಡಿಶ್. ಒಳಗೆ ಆಗಲೇ ನಾಲ್ಕು ಮಕ್ಕಳು ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಗಣಿತ ಬರೆದುಕೊಳ್ಳುತ್ತಿದ್ದವು. “ಬಾರವ್ವ, ಸರಿದು ಕುಂದ್ರು” ಎಂದಳಂತೆ ಆ ಮನೆಯಾಕೆ. ಸಂಜೆ ಇದನ್ನು ಕೇಳಿದ ಅಮ್ಮಿ ಬಹಳ ಹೊತ್ತು ಸುಮ್ಮನಿದ್ದು, “ನಿಮ್ಮ ಅಬ್ಬಾನ ಶಾಲೆಯ ಅಂಗಳ” ಎಂದಷ್ಟೇ ಅಂದರು.

ಆ ವರ್ಷದ ಕೊನೆಗೆ ನಾವೂ ಉಚಿತ ಛತ್ರಿ ಹಾಕಿಸಿದೆವು. ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಚಂದನ ಇದೆ, ಡಿ.ಡಿ. ಉರ್ದು ಇದೆ, ಸುದ್ದಿ ಇದೆ. ಕನ್ನಡದ ದೊಡ್ಡ ಧಾರಾವಾಹಿ ವಾಹಿನಿಗಳು ನಮಗೆ ಅದರಲ್ಲಿ ಸಿಗಲಿಲ್ಲ; ತಮ್ಮನ ಹೆಂಡತಿ ಒಂದು ತಿಂಗಳು ಮುನಿಸಿಕೊಂಡಿದ್ದಳು. ದಪ್ಪ ಮಳೆ ಬಂದರೆ ಚಿತ್ರ ಚದುರುತ್ತದೆ. ಇದು ಹಣ ಕೊಟ್ಟ ಛತ್ರಿಯಲ್ಲೂ ಇದ್ದದ್ದೇ. ಈಗ ಜನ ಫೋನಿನ ಕಡೆಗೆ ಸರಿಯುತ್ತಿದ್ದಾರೆ. ಹಣ ಕೊಟ್ಟು ನೋಡುವ ಡಿಟಿಎಚ್ ಮನೆಗಳು ದೇಶದಲ್ಲಿ ಒಂದು ಕಾಲಕ್ಕೆ 7 ಕೋಟಿ ದಾಟಿದ್ದವು, ಈಗ 6 ಕೋಟಿಗಿಂತ ಕೆಳಗಿಳಿದಿವೆ. ಫೋನಿನ ಆ್ಯಪುಗಳೂ ಮೊದಲು ಅಗ್ಗವಾಗಿ ಬಂದು ಆಮೇಲೆ ದರ ಏರಿಸುತ್ತಿರುವುದನ್ನು ಓದುಗರು ತಮ್ಮ ಮನೆಯಲ್ಲೇ ಕಂಡಿರಬೇಕು. ಹೊಸದಕ್ಕೆ ಹಾರುವ ಮುನ್ನ ನಾವು ದಿನಕ್ಕೆ ನಿಜವಾಗಿ ಏನು ನೋಡುತ್ತೇವೆ ಎಂದು ಒಂದು ವಾರ ಬರೆದಿಟ್ಟುಕೊಂಡರೆ ಅರ್ಧ ಬಿಲ್ಲು ಅಲ್ಲೇ ಇಳಿಯುತ್ತದೆ. ನಾವು ಬರೆದಾಗ ಪಟ್ಟಿ ಐದು ವಾಹಿನಿಗೆ ನಿಂತಿತು.

ಕೇಬಲ್ ಹುಡುಗನಿಗೆ ಈಗ ಐವತ್ತು ದಾಟಿದೆ. ತಂತಿಯ ಬದಲು ಇಂಟರ್‌ನೆಟ್ಟಿನ ಎಳೆ ಎಳೆಯುತ್ತಾನೆ. ಮೊನ್ನೆ ಬಂದು, “ಅಮ್ಮಾರೇ, ನೆಟ್ ಹಾಕಿಸ್ರಿ, ನಿಮಗೆ ಕಡಿಮಿ ಮಾಡ್ತೀನಿ” ಎಂದ. ಅಮ್ಮಿ ಚಹಾ ಕೊಟ್ಟು, ಕನ್ನಡಕ ಏರಿಸಿಕೊಂಡು, ಲೆಕ್ಕದ ಪುಸ್ತಕದ ಹಿಂದಿನ ಹಾಳೆ ತೆರೆದರು.