ಅಂಕೋಲೆಯ ಹೂವು

ತ್ಯಾವರೆಕೊಪ್ಪ ಎಂದೊಡನೆ ಶಾಲಾ ಮಕ್ಕಳಿಗೆ ನೆನಪಾಗುವುದು ಹುಲಿ, ಸಿಂಹ. 1988ರಲ್ಲಿ ಸಫಾರಿ ಆರಂಭವಾದಂದಿನಿಂದ ಶಿವಮೊಗ್ಗದವರ ಮಾತಿನಲ್ಲಿ ಆ ಕಾಡು ಪ್ರಾಣಿಗಳದ್ದೇ ಆಗಿಬಿಟ್ಟಿದೆ. ಮರಗಿಡಗಳ ಹೆಸರನ್ನು ಕೇಳುವವರು ಕಡಿಮೆ. ಅಂಥ ಎಲೆಯುದುರುವ ಕಾಡುಗಳಲ್ಲಿ ಬೇಸಿಗೆಯ ಬಾಗಿಲಲ್ಲೇ ಹೂ ಬಿಡುವ ಗಿಡ ಅಂಕೋಲೆ. ಬೋಳು ಕೊಂಬೆಗಳ ಮೇಲೆ ಬಿಳಿಯ, ಸುವಾಸನೆಯ ಗೊಂಚಲು; ಚಿಗುರು ಬರುವುದು ಆಮೇಲೆ.

ಯುರೋಪಿನವರು ಕೈತೋಟದಲ್ಲಿ ಬೆಳೆಸುವ ಕಾರ್ನಸ್ ಗಿಡವೂ ಹೀಗೆಯೇ. ಚಳಿ ಪೂರ್ತಿ ಹೋಗುವ ಮೊದಲೇ ಎಲೆಯಿಲ್ಲದ ರೆಂಬೆಗಳಲ್ಲಿ ಹಳದಿ ಹೂ ತುಂಬಿಕೊಳ್ಳುತ್ತದೆ. ಇಂದಿನ ಸಸ್ಯಶಾಸ್ತ್ರ ಇವೆರಡನ್ನೂ ಒಂದೇ ಕುಟುಂಬಕ್ಕೆ ಸೇರಿಸಿದೆ. ಅವರು ತಮ್ಮದನ್ನು ಅಂಗಳಕ್ಕೆ ಕರೆದುಕೊಂಡರು. ನಾವು ನಮ್ಮದನ್ನು ಕಾಡಿನಲ್ಲೇ ಬಿಟ್ಟೆವು.

ಹಿಂದಿನವರು ಹಾಗೆ ಬಿಟ್ಟಿರಲಿಲ್ಲ. ಶಂಕರಾಚಾರ್ಯರದೆಂದು ಹೇಳುವ ಶಿವಾನಂದಲಹರಿಯಲ್ಲಿ ಭಕ್ತಿಯನ್ನು ವರ್ಣಿಸುವಾಗ ಮೊದಲು ಬರುವ ಹೋಲಿಕೆಯೇ ತಾಯಿಮರವನ್ನು ಸೇರುವ ಅಂಕೋಲೆಯ ಬೀಜ. ಉತ್ತರ ಕನ್ನಡದ ಅಂಕೋಲಾ ಊರಿಗೆ ಈ ಗಿಡದಿಂದಲೇ ಹೆಸರು ಬಂತೆಂಬ ಮಾತೂ ಇದೆ.

ಹದಿನೇಳನೆಯ ಶತಮಾನದಲ್ಲಿ ಕೊಚ್ಚಿಯ ಡಚ್ ಅಧಿಕಾರಿ ವ್ಯಾನ್ ರೀಡ್ ಮಲಬಾರಿನ ಸಸ್ಯಗಳ ಚಿತ್ರ, ವಿವರಗಳನ್ನು ಸಂಗ್ರಹಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಅಂಕೋಲೆ ‘ಅಂಗೋಲಂ’ ಎಂದು ಬರುತ್ತದೆ. ಗಿಡಗಳ ಗುಣ ತಿಳಿಸಿದವರು ಇಟ್ಟಿ ಅಚ್ಯುತನ್ ಎಂಬ ವೈದ್ಯರು. ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ಪಂಡಿತರು. 1675ರಲ್ಲಿ ಇವರು ಕೊಂಕಣಿಯಲ್ಲಿ ಬರೆದುಕೊಟ್ಟ ಪತ್ರವೂ ಆ ಗ್ರಂಥದಲ್ಲಿದೆ. 1783ರಲ್ಲಿ ಫ್ರಾನ್ಸಿನ ಲಾಮಾರ್ಕ್ ಈ ಗಿಡದ ಜಾತಿಗೆ ‘ಅಲಾಂಜಿಯಂ’ ಎಂದು ಹೆಸರಿಟ್ಟಾಗ ತೆಗೆದುಕೊಂಡದ್ದೂ ಮಲಯಾಳದ ಮಾತನ್ನೇ. ಪಂಡಿತರು ಹೇಳದೆ ಇದ್ದಿದ್ದರೆ ಪುಸ್ತಕವೂ ಇಲ್ಲ, ಹೆಸರೂ ಇಲ್ಲ.

ಪೇಟೆಯ ಬಡಾವಣೆಗಳಲ್ಲಿ ನಿವೇಶನ ಮಾಡುವಾಗ ಮೊದಲು ಹೋಗುವುದು ಇಂಥ ಮುಳ್ಳುಪೊದೆಗಳೇ. ಆಮೇಲೆ ನರ್ಸರಿಯಿಂದ ಹೊರದೇಶದ ಗಿಡ ತಂದು ಕುಂಡದಲ್ಲಿಡುತ್ತೇವೆ. ಹಿತ್ತಿಲು ದೊಡ್ಡದಿದ್ದವರು ಗೋಡೆಯಿಂದ ದೂರದಲ್ಲಿ, ಚೆನ್ನಾಗಿ ಬಿಸಿಲು ಬೀಳುವೆಡೆ ಅಂಕೋಲೆಯ ಬೀಜ ಊರಬಹುದು. ಬೇರೂರಿದ ಮೇಲೆ ಬೇಸಿಗೆಯನ್ನು ತಾಳಿಕೊಳ್ಳುತ್ತದೆ. ಕೊಂಬೆಯ ತುದಿ ಮುಳ್ಳಾಗುವುದರಿಂದ ಮಕ್ಕಳು ಓಡಾಡುವ ದಾರಿಯಲ್ಲಿ ಬೇಡ. ಬೇರಿನ ತೊಗಟೆ ಆಯುರ್ವೇದದ ಔಷಧಿಯೇನೋ ಹೌದು. ಆದರೆ ವೈದ್ಯರನ್ನು ಕೇಳದೆ ಯಾರೂ ಕಷಾಯ ಮಾಡಬಾರದು.

ಜಾಗವಿಲ್ಲದವರು ಮಕ್ಕಳಿಗೆ ಹೆಸರನ್ನಾದರೂ ಹೇಳಿಕೊಡಿ. ಮುಂದಿನ ಸಲ ಸಫಾರಿಗೆ ಹೋದಾಗ ಅವರು ಸಿಂಹ ಕಾಣುವವರೆಗೂ ಕಿಟಕಿಯಾಚೆ ಗಿಡಗಳನ್ನು ನೋಡುತ್ತ ಕೂರಲಿ.