ಹಾಪ್‌ಕಾಮ್ಸ್
ಹಾಪ್‌ಕಾಮ್ಸ್: ಕರ್ನಾಟಕದ ಹಣ್ಣು, ತರಕಾರಿ ಬೆಳೆಗಾರರ ಸಹಕಾರಿ ಮಾರಾಟ ಸಂಸ್ಥೆ. ಕೇಂದ್ರ ಕಚೇರಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿದೆ. ಪೂರ್ಣ ಹೆಸರು ತೋಟಗಾರಿಕೆ ಉತ್ಪನ್ನ ಬೆಳೆಗಾರರ ಸಹಕಾರ ಮಾರಾಟ ಮತ್ತು ಸಂಸ್ಕರಣ ಸಂಘ.

ಇತಿಹಾಸ: ತೋಟಗಾರಿಕಾ ಇಲಾಖೆಯ ಡಾ. ಎಂ. ಎಚ್. ಮರಿಗೌಡರ ಪ್ರಯತ್ನದಿಂದ 1959ರಲ್ಲಿ ಬೆಂಗಳೂರು ಸುತ್ತಲಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಆರಂಭವಾಯಿತು. ಮುಂದೆ ಇತರ ಹಣ್ಣು, ತರಕಾರಿ ಬೆಳೆಗಾರರಿಗೂ ಸದಸ್ಯತ್ವ ವಿಸ್ತರಿಸಿ, 1980ರ ದಶಕದಲ್ಲಿ ಇಂದಿನ ಹೆಸರು ಪಡೆಯಿತು.

ಕಾರ್ಯವಿಧಾನ: ಸಣ್ಣ ಹಿಡುವಳಿಯ ರೈತನ ಬಳಿ ಒಮ್ಮೆಗೆ ಸಿಗುವುದು ಎರಡು ಮೂಟೆ ಹುರುಳಿಕಾಯಿ ಅಥವಾ ನಾಲ್ಕು ಕ್ರೇಟು ಟೊಮೇಟೊ. ಅಷ್ಟಕ್ಕೇ ನಗರದ ಮಂಡಿಗೆ ಹೋದರೆ ಗಾಡಿ ಬಾಡಿಗೆ, ಹಮಾಲಿ, ದಲ್ಲಾಳಿ ಕಮಿಷನ್ ಕಳೆದು ಕೈಗೆ ಉಳಿಯುವುದು ಅಲ್ಪ. ಸಂಘದ ಖರೀದಿ ಕೇಂದ್ರದಲ್ಲಿ ಗುಣಮಟ್ಟ ನೋಡಿ, ರೈತನ ಎದುರೇ ತೂಕ ಹಾಕಿ, ಅಂದಿನ ನಿಗದಿತ ದರಕ್ಕೆ ಕೊಳ್ಳಲಾಗುತ್ತದೆ. ಮಾಲು ಸಂಘದ ವಾಹನಗಳಲ್ಲಿ ನಗರದ ಮಳಿಗೆಗಳಿಗೆ ಹೋಗುತ್ತದೆ. ಅಲ್ಲಿ ದರಪಟ್ಟಿಯಂತೆಯೇ ಮಾರಾಟ. ಹಾಸ್ಟೆಲು, ಆಸ್ಪತ್ರೆ, ಕಾರ್ಖಾನೆಗಳಿಗೂ ಪೂರೈಕೆಯಿದೆ. ದ್ರಾಕ್ಷಿ, ಕಲ್ಲಂಗಡಿ, ಮಾವು, ಹಲಸಿನ ಸುಗ್ಗಿಯಲ್ಲಿ ಮೇಳಗಳು ನಡೆಯುತ್ತವೆ.

ಮಹತ್ವ ಮತ್ತು ಸವಾಲು: ಮಧ್ಯವರ್ತಿಯಿಲ್ಲದೆ ಹೊಲ ಮತ್ತು ಅಡುಗೆಮನೆಯನ್ನು ಬೆಸೆದದ್ದು ಇದರ ದೊಡ್ಡ ಸಾಧನೆ. ಸೂಪರ್‌ಮಾರ್ಕೆಟ್, ಮೊಬೈಲ್ ಆಪ್‌ಗಳ ಪೈಪೋಟಿ, ಬೇಗ ಕೊಳೆಯುವ ಮಾಲಿನ ನಷ್ಟ, ಮಳಿಗೆಗಳ ನಿರ್ವಹಣೆ ಇಂದಿನ ಸವಾಲುಗಳು. ಶೈತ್ಯಾಗಾರ ಹೆಚ್ಚಿಸಿ, ಹಣ ತಡವಿಲ್ಲದೆ ಪಾವತಿಸಿದಷ್ಟೂ ಸಣ್ಣ ಬೆಳೆಗಾರರು ಸಂಘದೊಂದಿಗೆ ಉಳಿಯುತ್ತಾರೆ.