ಹೃದಯಶೂಲೆ, ಹೃದಯಾಘಾತ ಮತ್ತು ಅವುಗಳ ಔಷಧಿಗಳು

ಹೃದಯದ ಸ್ನಾಯುವಿಗೆ ಬೇಕಾದಷ್ಟು ರಕ್ತ ಸ್ವಲ್ಪ ಹೊತ್ತು ಸಾಲದೆ ಹೋದಾಗ ಬರುವ ಎದೆನೋವು ಹೃದಯಶೂಲೆ. ವೈದ್ಯರು ಇದನ್ನು ಆಂಜೈನಾ ಎನ್ನುತ್ತಾರೆ. ರಕ್ತದ ಹರಿವು ನಿಂತೇಹೋಗಿ ಸ್ನಾಯುವಿನ ಒಂದು ಭಾಗ ಸಾಯತೊಡಗಿದರೆ ಅದು ಹೃದಯಾಘಾತ. ಸಾಮಾನ್ಯವಾಗಿ ಎರಡಕ್ಕೂ ಮೂಲ ಒಂದೇ: ಹೃದಯಕ್ಕೆ ರಕ್ತ ಒದಗಿಸುವ ಕರೊನರಿ ಅಪಧಮನಿಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಸೇರಿಕೊಂಡ ಕೊಬ್ಬು.

ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡೆನ್ 1768ರಲ್ಲಿ ಹೃದಯಶೂಲೆಯನ್ನು ವಿವರಿಸಿದ. ನಡೆಯುವಾಗ, ಅದರಲ್ಲೂ ಊಟ ಮುಗಿಸಿ ಏರು ಹತ್ತುವಾಗ ಎದೆ ಹಿಂಡುತ್ತದೆ, ನಿಂತರೆ ನೋವು ಮಾಯವಾಗುತ್ತದೆ ಎಂಬ ಅವನ ವರ್ಣನೆ ಇಂದಿಗೂ ಹಳತಾಗಿಲ್ಲ. ನೋವು ಎಡತೋಳಿಗೆ, ದವಡೆಗೆ, ಬೆನ್ನಿಗೆ ಹರಿಯಬಹುದು. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ ಹಾಗೂ ಕೆಲವು ಹೆಂಗಸರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ಬೆವರು, ಸುಸ್ತು ಕಾಣಿಸುವುದೂ ಉಂಟು. ನಮ್ಮಲ್ಲಿ ಇದನ್ನು ‘ಗ್ಯಾಸ್ಟ್ರಿಕ್’ ಎಂದುಕೊಂಡು ಸೋಡಾ ಕುಡಿದು ಬೆಳಗಿನ ತನಕ ಕಾಯುವವರು ಕಡಿಮೆಯಿಲ್ಲ.

ಅಪಧಮನಿ ಪೂರ್ತಿ ಕಿರಿದಾದ ಮೇಲೆಯೇ ಹೃದಯಾಘಾತವಾಗುತ್ತದೆ ಎಂಬ ನಂಬಿಕೆ ಸರಿಯಲ್ಲ. ಅಷ್ಟೇನೂ ದಪ್ಪವಿಲ್ಲದ ಕೊಬ್ಬಿನ ಪದರವೂ ಬಿರುಕು ಬಿಡಬಹುದು. ಆ ಬಿರುಕಿನ ಮೇಲೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅದಕ್ಕೇ ಹಿಂದಿನ ದಿನದವರೆಗೂ ಮೆಟ್ಟಿಲು ಹತ್ತಿ ಓಡಾಡಿದವರಿಗೂ ಹೃದಯಾಘಾತವಾಗುವುದು.

ಶೂಲೆಗೆ ಕೊಡುವ ಔಷಧಿಗಳಲ್ಲಿ ನೈಟ್ರೋಗ್ಲಿಸರಿನ್‌ನ ಕಥೆ ವಿಚಿತ್ರ. 1847ರಲ್ಲಿ ಇಟಲಿಯ ಅಸ್ಕಾನಿಯೊ ಸೊಬ್ರೆರೊ ಇದನ್ನು ತಯಾರಿಸಿ, ನಾಲಿಗೆಗೆ ತಾಗಿಸಿ ನೋಡಿ ತಲೆನೋವು ತಂದುಕೊಂಡ. ಆಲ್ಫ್ರೆಡ್ ನೊಬೆಲ್ ಅದರಿಂದಲೇ ಡೈನಮೈಟ್ ಮಾಡಿದ. 1879ರಲ್ಲಿ ಲಂಡನ್ನಿನ ವಿಲಿಯಂ ಮರೆಲ್ ಅದೇ ದ್ರವವನ್ನು ಎದೆಶೂಲೆಗೆ ಕೊಟ್ಟು ಫಲ ಕಂಡ. ಕೊನೆಗಾಲದಲ್ಲಿ ಸ್ವತಃ ನೊಬೆಲ್‌ಗೇ ವೈದ್ಯರು ಅದನ್ನು ಬರೆದುಕೊಟ್ಟರು. ಡೈನಮೈಟ್ ಕಾರ್ಖಾನೆಯ ಕೆಲಸಗಾರರಿಗೆ ಸೋಮವಾರ ತಲೆ ಸಿಡಿಯುತ್ತಿತ್ತು, ವಾರ ಕಳೆದಂತೆ ಶಮನವಾಗುತ್ತಿತ್ತು. ದೇಹ ಮದ್ದಿಗೆ ಬೇಗ ಒಗ್ಗಿಕೊಳ್ಳುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ದಿನವೂ ನೈಟ್ರೇಟ್ (ನೈಟ್ರೋಗ್ಲಿಸರಿನ್ ಗುಂಪಿನ ಮಾತ್ರೆ) ನುಂಗುವವರಿಗೆ ವೈದ್ಯರು ದಿನದಲ್ಲಿ ಕೆಲವು ಗಂಟೆ ಬಿಡುವು ಕೊಡಿಸುವುದೂ ಇದರಿಂದಲೇ. ಈ ಮದ್ದು ದೇಹದಲ್ಲಿ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ರಕ್ತನಾಳಗಳನ್ನು ಸಡಿಲಿಸುತ್ತದೆ. ಆ ಅಣುವಿನ ಕೆಲಸ ಗುರುತಿಸಿದ್ದಕ್ಕೆ 1998ರಲ್ಲಿ ನೊಬೆಲ್ ಬಹುಮಾನವೇ ಬಂತು.

ಕರ್ನಾಟಕದ ಔಷಧಿ ಅಂಗಡಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದೇ ಗುಂಪಿನ ಸಾರ್ಬಿಟ್ರೇಟ್, ಜನರ ಮಾತಿನಲ್ಲಿ ‘ನಾಲಿಗೆ ಕೆಳಗಿಡೋ ಮಾತ್ರೆ’. ಇದು ನೋವನ್ನು ಇಳಿಸುತ್ತದೆ, ಮುಚ್ಚಿದ ನಾಳವನ್ನು ತೆರೆಯುವುದಿಲ್ಲ. ರಕ್ತದೊತ್ತಡವನ್ನೂ ಕೆಳಗಿಳಿಸುವುದರಿಂದ ನಿಂತಲ್ಲಿ ತೆಗೆದುಕೊಂಡರೆ ತಲೆಸುತ್ತಿ ಬೀಳಬಹುದು, ಕುಳಿತೇ ಇಟ್ಟುಕೊಳ್ಳಬೇಕು. ವಯಾಗ್ರದಂಥ ಮಾತ್ರೆ ನುಂಗಿದವರಿಗೆ ಇದು ಪ್ರಾಣಾಪಾಯ. ವೈದ್ಯರು ಹೇಳದೆ ಪಕ್ಕದ ಮನೆಯವರ ಸಾರ್ಬಿಟ್ರೇಟ್ ಎರವಲು ತರುವ ರೂಢಿ ಬಿಡಬೇಕಾದದ್ದು.

ಮತ್ತೆ ಮತ್ತೆ ಶೂಲೆ ಬರದಂತೆ ತಡೆಯಲು ಹೃದಯದ ಬಡಿತವನ್ನು ನಿಧಾನಿಸುವ ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್‌ಗಳಿವೆ. ಈ ಗುಂಪಿಗೆ ದಾರಿ ಹಾಕಿದ ಪ್ರೊಪ್ರನೊಲಾಲ್ ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ಅವರದು. ಅವರಿಗೆ 1988ರಲ್ಲಿ ನೊಬೆಲ್ ಸಂದಿತು. ನಾಳಗಳನ್ನು ಸಡಿಲಿಸಲು ಆಮ್ಲೊಡಿಪಿನ್ ಇದೆ. ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್‌ಗಳ ಮೊದಲ ಸುಳಿವು ಜಪಾನಿನ ಅಕಿರಾ ಎಂಡೊ ಅವರಿಗೆ 1970ರ ದಶಕದಲ್ಲಿ ಸಿಕ್ಕಿದ್ದು ಬೂಷ್ಟಿನಲ್ಲಿ! ಆದರೂ ‘ಕೊಲೆಸ್ಟರಾಲ್ ಸರಿಹೋಯಿತು’ ಎಂದು ಮಾತ್ರೆ ನಿಲ್ಲಿಸುವವರು ಬಹಳ. ಮಾತ್ರೆ ನಿಲ್ಲಿಸಿದರೆ ಅದು ಮತ್ತೆ ಏರುತ್ತದೆ.

ಹೃದಯಾಘಾತದಲ್ಲಿ ಹೆಪ್ಪಿನ ಮೇಲೆಯೇ ಕೈಮಾಡಬೇಕು. 1988ರಲ್ಲಿ ಪ್ರಕಟವಾದ ‘ಐಸಿಸ್-2’ ಅಧ್ಯಯನದಲ್ಲಿ 17,187 ರೋಗಿಗಳಿದ್ದರು. ಆಸ್ಪಿರಿನ್ ಒಂದರಿಂದಲೇ ಮೊದಲ ಐದು ವಾರಗಳ ಸಾವು ಶೇ. 23ರಷ್ಟು ತಗ್ಗಿತು, ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸ್ ಜೊತೆಗೂಡಿದಾಗ ಶೇ. 42ರಷ್ಟು. ಕೆಲವೇ ರೂಪಾಯಿಯ ಗುಳಿಗೆಯಿಂದ ಇಷ್ಟು ಜೀವ ಉಳಿದದ್ದು ವೈದ್ಯಕೀಯದಲ್ಲಿ ಅಪರೂಪ. ಇಂದು ಹೆಪ್ಪು ಕರಗಿಸಲು ಒಂದೇ ಚುಚ್ಚುಮದ್ದಾಗಿ ಕೊಡುವ ಟೆನೆಕ್ಟೆಪ್ಲೇಸ್ ಇದೆ, ದುಬಾರಿ. ರಾಜ್ಯದಲ್ಲಿ ನಟ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮತ್ತು ಈ ಚುಚ್ಚುಮದ್ದು ಉಚಿತ. ಮುಚ್ಚಿದ ನಾಳವನ್ನು ಬಲೂನಿನಿಂದ ತೆರೆಯುವ ಆಂಜಿಯೊಪ್ಲಾಸ್ಟಿಯೇ ಮೇಲು, ಅದಕ್ಕೆ ಬೇಕಾದ ಕ್ಯಾತ್‌ಲ್ಯಾಬ್ ಹತ್ತಿರವಿದ್ದರೆ.

ಎದೆನೋವು ಹದಿನೈದು ನಿಮಿಷ ದಾಟಿದರೆ, ಜೊತೆಗೆ ಬೆವರೂ ಇದ್ದರೆ, ಬೈಕ್ ಹತ್ತಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ.